ಪಹಣಿ ಬಿಟ್ಟು ನಡಾವಳಿ ಪುಸ್ತಕ ಓದಿದ ಬೀದರಿನ ಸಹಕಾರಿಗಳು

ಬೀದರ್ ಜಿಲ್ಲೆಯಲ್ಲಿ ಕಾಫಿ ಇಲ್ಲ, ಅಡಿಕೆ ಇಲ್ಲ. ಉದ್ದು, ಹೆಸರು, ತೊಗರಿ, ಈಚಿನ ವರ್ಷಗಳಲ್ಲಿ ಸೋಯಾ, ನೀರಿದ್ದ ಕಡೆ ಕಬ್ಬು. ಮಳೆ ಕೈಕೊಟ್ಟ ವರ್ಷ ಔರಾದ್ ಕಡೆ ಕುಡಿಯುವ ನೀರಿಗೂ ಪರದಾಟ. ಅಂಥ ಸೀಮೆಯ ಒಂದು ಸಹಕಾರಿ ಬ್ಯಾಂಕಿನಿಂದ ಮಲೆನಾಡಿನ ಬೆಳೆಗಾರರಾದ ನಾವು ತಿಳಿಯಬೇಕಾದುದೇನು ಎಂದು ಸದಸ್ಯ ಬಾಂಧವರು ಕೇಳಬಹುದು. ನನ್ನ ಮಟ್ಟಿಗೆ ತಿಳಿಯಬೇಕಾದುದು ಬಹಳವಿದೆ.

ಬೀದರ್ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಹುಟ್ಟಿದ್ದು 1922ರಲ್ಲಿ. ಆಗ ನಿಜಾಮರ ಆಡಳಿತ; ಸರ್ಕಾರದ ವ್ಯವಹಾರವೆಲ್ಲ ಉರ್ದುವಿನಲ್ಲಿ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು, 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಸರ್ಕಾರ ಬದಲಾಯಿತು, ಭಾಷೆ ಬದಲಾಯಿತು, ಬ್ಯಾಂಕು ಉಳಿಯಿತು. ಕಾಲಕ್ಕೆ ತಕ್ಕ ಉಪಾಯ ಆ ಕಡೆಯವರಿಗೆ ಹೊಸದಲ್ಲ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದವರು.

ಆದರೆ ಉಳಿಯುವುದು ಒಂದು, ಕಸುಬು ಬದಲಿಸಿಕೊಳ್ಳುವುದು ಇನ್ನೊಂದು. ಹಳ್ಳಿಯ ಪ್ರಾಥಮಿಕ ಪತ್ತಿನ ಸಂಘಕ್ಕೆ ಅಲ್ಲಿಯೂ ಗೊತ್ತಿದ್ದ ಕೆಲಸ ಒಂದೇ: ಪಹಣಿ ನೋಡಿ ಬೆಳೆ ಸಾಲ ಕೊಡುವುದು. ಪಹಣಿಯಲ್ಲಿ ಹೆಸರಿಲ್ಲದವರಿಗೆ, ಅಂದರೆ ಕೂಲಿಕಾರರಿಗೆ ಮತ್ತು ಬಹುಮಟ್ಟಿಗೆ ಎಲ್ಲ ಹೆಂಗಸರಿಗೆ, ಸಂಘದ ಬಾಗಿಲು ಮುಚ್ಚಿದಂತೆಯೇ. ಬರ ಬಿದ್ದರೆ ಸದಸ್ಯ ಸುಸ್ತಿದಾರ, ಸುಸ್ತಿದಾರನಿಗೆ ಮರುಸಾಲವಿಲ್ಲ, ಸದಸ್ಯರು ಸುಸ್ತಿಯಾದರೆ ಸಂಘವೂ ಸುಸ್ತಿ. 1990ರ ಸಾಲ ಮನ್ನಾ ಯೋಜನೆಯಲ್ಲಿ 10,000 ರೂಪಾಯಿವರೆಗಿನ ಸಾಲ ಬಿಟ್ಟಾಗ ದೇಶದ ಎಲ್ಲೆಡೆ ಮರುಪಾವತಿಯ ಅಭ್ಯಾಸವೇ ಸಡಿಲಾಯಿತು. ನಮ್ಮಲ್ಲೂ ಆ ದಿನಗಳನ್ನು ಕಂಡವರಿದ್ದಾರೆ.

1992ರಲ್ಲಿ ನಬಾರ್ಡ್ 500 ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ಅನೇಕ ಜಿಲ್ಲಾ ಬ್ಯಾಂಕುಗಳು ಸುತ್ತೋಲೆಯನ್ನು ಕಡತಕ್ಕೆ ಸೇರಿಸಿ ಸುಮ್ಮನಾದವು. ಬೀದರ್ ಬ್ಯಾಂಕು ಆ ದಶಕದಲ್ಲೇ ಅದನ್ನು ತನ್ನ ಮುಖ್ಯ ಕೆಲಸಗಳಲ್ಲಿ ಒಂದಾಗಿ ಮಾಡಿಕೊಂಡಿತು. ಬ್ಯಾಂಕಿನ ಅಧ್ಯಕ್ಷರಾಗಿದ್ದ, ಔರಾದ್‌ನಿಂದ ಶಾಸಕರೂ ಆಗಿದ್ದ ಗುರುಪಾದಪ್ಪ ನಾಗಮಾರಪಳ್ಳಿ (ಅವರು 2015ರಲ್ಲಿ ತೀರಿಕೊಂಡರು) ಇದರ ಹಿಂದಿನ ಶಕ್ತಿ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಅಧ್ಯಕ್ಷರ ಉತ್ಸಾಹವೊಂದರಿಂದ ಕೆಲಸ ಆಗುವುದಾಗಿದ್ದರೆ ಈ ದೇಶದಲ್ಲಿ ಮುಳುಗಿದ ಸಂಘವೇ ಇರುತ್ತಿರಲಿಲ್ಲ!

ಅಲ್ಲಿ ನಿಜವಾಗಿ ಬದಲಾದದ್ದು ಸಂಘದ ಕಾರ್ಯದರ್ಶಿಯ ದಿನಚರಿ. ಹತ್ತಿಪ್ಪತ್ತು ಹೆಂಗಸರು ವಾರವಾರ ಕೂಡುತ್ತಾರೆ, ಸಣ್ಣ ಮೊತ್ತ ಉಳಿಸುತ್ತಾರೆ, ಅದನ್ನೇ ತಮ್ಮಲ್ಲಿ ಸಾಲವಾಗಿ ತಿರುಗಿಸುತ್ತಾರೆ. ಆರು ತಿಂಗಳು ಹೀಗೆ ನಡೆದ ಗುಂಪಿಗೆ ಉಳಿತಾಯದ ಇಷ್ಟು ಪಟ್ಟು ಎಂದು ಸಾಲ. ಅಡಮಾನವಿಲ್ಲ, ಪಹಣಿ ಇಲ್ಲ. ಹಾಗಾದರೆ ಕಾರ್ಯದರ್ಶಿ ಏನನ್ನು ನೋಡಿ ಶಿಫಾರಸು ಮಾಡಬೇಕು? ನಡಾವಳಿ ಪುಸ್ತಕ ನೋಡಬೇಕು. ಸಭೆಗೆ ಎಷ್ಟು ಜನ ಬಂದರು, ಒಳಸಾಲ ಸಕಾಲಕ್ಕೆ ತಿರುಗಿತೇ, ಒಬ್ಬಳೇ ಎಲ್ಲ ನಿರ್ಧರಿಸುತ್ತಾಳೆಯೇ ಎಂದು ಓದಿ ತಿಳಿಯಬೇಕು. ಇದು ಕಚೇರಿಯ ಮೇಜಿನ ಮುಂದೆ ಕೂತು ಬರುವ ವಿದ್ಯೆಯಲ್ಲ; ಸಂಜೆ ಓಣಿಗೆ ಹೋಗಿ ಕೂರಬೇಕು. ಭಾಲ್ಕಿ, ಔರಾದ್ ಕಡೆ ಎಷ್ಟೋ ಮನೆಗಳಲ್ಲಿ ಮರಾಠಿ, ಕನ್ನಡವೊಂದರಿಂದ ಸಾಗದು. ಇದನ್ನು ಕಲಿಸಲೆಂದು ಬ್ಯಾಂಕು ತನ್ನದೇ ತರಬೇತಿ ಸಂಸ್ಥೆ ಕಟ್ಟಿತು. ಮುಂದೆ ಹೊರಗಿನವರೂ ಬೀದರಿಗೆ ಬಂದು ನೋಡಿಹೋಗುವಂತಾಯಿತು.

ಇಂಥ ಶಕ್ತಿಗೆ ವಿದ್ವಾಂಸರು ಒಂದು ಹೆಸರಿಟ್ಟಿದ್ದಾರೆ: ಚಲನಶೀಲ ಸಾಮರ್ಥ್ಯ. 1997ರಲ್ಲಿ ಡೇವಿಡ್ ಟೀಸ್ ಮತ್ತು ಇಬ್ಬರು ಸಹಲೇಖಕರು ಬರೆದ ಪ್ರಬಂಧದಿಂದ ಈ ಮಾತು ಪ್ರಸಿದ್ಧವಾಯಿತು. ಬದಲಾವಣೆಯ ಸುಳಿವು ಹಿಡಿಯುವುದು, ಸಿಕ್ಕ ಅವಕಾಶಕ್ಕೆ ಕೈ ಹಾಕುವುದು, ಇರುವ ಜನ, ಕಟ್ಟಡ, ಹಣವನ್ನು ಹೊಸ ಕೆಲಸಕ್ಕೆ ಮರುಜೋಡಿಸುವುದು ಎಂಬ ಮೂರು ಹಂತಗಳನ್ನು ಟೀಸ್ ಆಮೇಲೆ ವಿವರಿಸಿದರು. ಮೊದಲಿನ ಎರಡು ನಮ್ಮ ಆಡಳಿತ ಮಂಡಳಿಗಳ ಭಾಷಣಗಳಲ್ಲಿ ಧಾರಾಳವಾಗಿವೆ. ಮೂರನೆಯದರಲ್ಲೇ ನಾವು ಸೋಲುವುದು.

ಎಲ್ಲ ಸಂಸ್ಥೆಗೂ ಇದು ಸಮಾನ ಸುಲಭವಲ್ಲ ಎಂಬುದೂ ನಿಜ. ಅದೇ ಜಿಲ್ಲೆಯ ಹಳ್ಳಿಖೇಡದ ಸಹಕಾರಿ ಸಕ್ಕರೆ ಕಾರ್ಖಾನೆ ಕಬ್ಬು ಅರೆಯದೆ ನಿಂತ ಹಂಗಾಮುಗಳಿವೆ. ಕಬ್ಬು ಅರೆಯುವ ಯಂತ್ರಕ್ಕೆ ಇನ್ನೊಂದು ಕಸುಬು ಕಲಿಸುವುದು ಕಷ್ಟ. ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಅಡಿಕೆಗೆಂದೇ ಹುಟ್ಟಿದ ಕ್ಯಾಂಪ್ಕೊ, ಕೋಕೋ ಬೆಲೆ ಕುಸಿದು ಕೊಳ್ಳುವವರಿಲ್ಲದಾದಾಗ ಬೀಜ ಕೊಂಡಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಕಾಫಿಯಲ್ಲಿ ಮಾತ್ರ ನಾವು ದಶಕಗಳ ಕಾಲ ಮಂಡಳಿಯ ಪೂಲಿಗೆ ಸುರಿದು ಚೀಟಿ ಪಡೆದು ಬಂದೆವು. 1996ರಲ್ಲಿ ಪೂಲಿನ ಕಟ್ಟು ಪೂರ್ತಿ ಕಳಚಿದಾಗ ಮಾರುವ ವಿದ್ಯೆ ನಮ್ಮ ಕೈಯಲ್ಲಿರಲಿಲ್ಲ.

ಈಗ ಮತ್ತೆ ಅಂಥದೇ ಒಂದು ಸಂದರ್ಭ ಬಂದಿದೆ. ಕಾಡು ಕಡಿದ ನೆಲದ ಕಾಫಿಯನ್ನು ತಡೆಯಲು ಯುರೋಪ್ ಒಕ್ಕೂಟ 2023ರಲ್ಲಿ ನಿಯಮ ತಂದಿತು. ಜಾರಿಯ ದಿನ ಒಂದಕ್ಕಿಂತ ಹೆಚ್ಚು ಬಾರಿ ಮುಂದಕ್ಕೆ ಹೋದರೂ, ಅಲ್ಲಿಗೆ ಹೋಗುವ ಕಾಫಿ ಯಾವ ತೋಟದ್ದು ಎಂದು ನಕ್ಷೆಯ ಅಕ್ಷಾಂಶ ರೇಖಾಂಶದ ಸಮೇತ ತೋರಿಸಬೇಕೆಂಬುದೇ ಅದರ ತಿರುಳು. ದೊಡ್ಡ ಎಸ್ಟೇಟುಗಳು ಆಳು ಇಟ್ಟು ಮಾಡಿಸಿಕೊಂಡಾವು. ಎರಡು ಮೂರು ಎಕರೆಯವರು? ಅವರ ಕಾಫಿ ದಾಖಲೆಯಿಲ್ಲದ ಮಾಲೆಂದು ಕಡಿಮೆ ದರಕ್ಕೆ ಹೋಗಬಾರದಾದರೆ ಗೊಬ್ಬರದ ಬಿಲ್ಲು ಬರೆಯುವ ನಮ್ಮ ಸಿಬ್ಬಂದಿಯೇ ಮೊಬೈಲು ಹಿಡಿದು ತೋಟದ ಗಡಿ ಸುತ್ತಬೇಕು. ಮುಂದಿನ ಮಹಾಸಭೆಯ ಆಯವ್ಯಯದಲ್ಲಿ ತರಬೇತಿಗೆಂದು ಒಂದು ಬಾಬ್ತು ಸೇರಿಸಲು ಕೇಳುತ್ತಿದ್ದೇನೆ. ಆಕ್ಷೇಪಣೆ ಇರುವ ಸದಸ್ಯರು ಸಭೆಗೆ ಮುಂಚೆಯೇ ಕಚೇರಿಗೆ ಬಂದು ತಿಳಿಸಿದರೆ ಉಪಕಾರ.