ಕೆನೋ ಸ್ಪ್ರಿಂಟ್ ವಿಶ್ವ ಚಾಂಪಿಯನ್‌ಶಿಪ್

ಕೆನೋ ಸ್ಪ್ರಿಂಟ್ ವಿಶ್ವ ಚಾಂಪಿಯನ್‌ಶಿಪ್ ಎಂಬುದು ಕೆನೋ ಮತ್ತು ಕಯಾಕ್ ಎಂಬ ಎರಡು ಬಗೆಯ ಹಗುರ ದೋಣಿಗಳ ವೇಗದ ಸ್ಪರ್ಧೆಗಾಗಿ ಅಂತರರಾಷ್ಟ್ರೀಯ ಕೆನೋ ಒಕ್ಕೂಟವು (ಐಸಿಎಫ್) ನಡೆಸುವ ಕ್ರೀಡಾಕೂಟ. ಮೊದಲ ಕೂಟವು 1938ರಲ್ಲಿ ಸ್ವೀಡನ್‌ನ ವಾಕ್ಸ್‌ಹೋಮ್‌ನಲ್ಲಿ ಜರುಗಿತು. 1970ರ ದಶಕದಿಂದ ಇದು ಬೇಸಿಗೆ ಒಲಿಂಪಿಕ್ಸ್ ನಡೆಯುವ ವರ್ಷಗಳನ್ನು ಬಿಟ್ಟು ಸಾಮಾನ್ಯವಾಗಿ ಪ್ರತಿವರ್ಷ ನಡೆದುಬಂದಿದೆ. ಅಲೆಯಿಲ್ಲದ ನಿಶ್ಚಲ ನೀರಿನಲ್ಲಿ ನಡೆಯುವ ಈ ಕ್ರೀಡೆಗೆ ಮೊದಲು ‘ಫ್ಲ್ಯಾಟ್‌ವಾಟರ್ ರೇಸಿಂಗ್’ ಎಂಬ ಹೆಸರಿತ್ತು. 2008ರ ಕೊನೆಯಲ್ಲಿ ಒಕ್ಕೂಟವು ಅದನ್ನು ‘ಕೆನೋ ಸ್ಪ್ರಿಂಟ್’ ಎಂದು ಬದಲಾಯಿಸಿತು.

ದೋಣಿಗಳು

ಈ ಕ್ರೀಡೆಯನ್ನು ರೋಯಿಂಗ್ ಜೊತೆ ಗೊಂದಲ ಮಾಡಿಕೊಳ್ಳುವುದು ಸಾಮಾನ್ಯ. ರೋಯಿಂಗ್‌ನಲ್ಲಿ ಹುಟ್ಟನ್ನು ದೋಣಿಗೆ ಜೋಡಿಸಿರುತ್ತಾರೆ ಮತ್ತು ಸ್ಪರ್ಧಿಯು ಗುರಿಗೆ ಬೆನ್ನು ಮಾಡಿ ಕುಳಿತಿರುತ್ತಾನೆ. ಕೆನೋ ಮತ್ತು ಕಯಾಕ್‌ಗಳಲ್ಲಿ ಹುಟ್ಟು ಸಂಪೂರ್ಣವಾಗಿ ಕೈಯಲ್ಲೇ ಇರುತ್ತದೆ, ಮುಖ ಗುರಿಯ ಕಡೆಗೇ ಇರುತ್ತದೆ.

ಕಯಾಕ್‌ನಲ್ಲಿ ಸ್ಪರ್ಧಿಯು ಕುಳಿತು, ಎರಡೂ ತುದಿಗಳಲ್ಲಿ ಅಲಗಿರುವ ಹುಟ್ಟನ್ನು ಎಡಕ್ಕೂ ಬಲಕ್ಕೂ ಹಾಕುತ್ತಾನೆ. ಹಿಂಬದಿಯ ಚುಕ್ಕಾಣಿಯನ್ನು ಕಾಲಿನಿಂದ ನಿಯಂತ್ರಿಸಲಾಗುತ್ತದೆ. ಕೆನೋದಲ್ಲಿ ಒಂದು ಮೊಣಕಾಲೂರಿ, ಇನ್ನೊಂದು ಕಾಲನ್ನು ಮುಂದಿಟ್ಟು, ತುಂಗಭದ್ರೆಯ ಹರಿಗೋಲಿನಲ್ಲಿ ಬಳಸುವಂತಹ ಒಂದೇ ಅಲಗಿನ ಹುಟ್ಟನ್ನು ಒಂದೇ ಬದಿಗೆ ಹಾಕಬೇಕು. ಕೆನೋಗೆ ಚುಕ್ಕಾಣಿ ಇಲ್ಲ. ಬಲಬದಿಗೆ ಹುಟ್ಟು ಹಾಕಿದಂತೆಲ್ಲ ದೋಣಿ ಎಡಕ್ಕೆ ತಿರುಗಲು ನೋಡುತ್ತದೆ. ಆದುದರಿಂದ ಪ್ರತಿ ಎಳೆತದ ಕೊನೆಯಲ್ಲಿ ಅಲಗನ್ನು ತುಸು ಹೊರಳಿಸಿ ದಿಕ್ಕನ್ನು ಸರಿಪಡಿಸಬೇಕು, ಅದೂ ವೇಗ ಕುಗ್ಗದಂತೆ. ನೋಡುವವರಿಗೆ ಸುಲಭವೆನಿಸಿದರೂ ಹೊಸಬರು ನೀರಿಗೆ ಬೀಳುವುದು ಹೆಚ್ಚಾಗಿ ಇಲ್ಲಿಯೇ.

ಸ್ಪರ್ಧೆಗಳ ಹೆಸರಿನಲ್ಲಿ ‘ಕೆ’ ಎಂದರೆ ಕಯಾಕ್, ‘ಸಿ’ ಎಂದರೆ ಕೆನೋ. ಜೊತೆಗಿರುವ ಅಂಕೆಯು ದೋಣಿಯಲ್ಲಿರುವವರ ಸಂಖ್ಯೆ. ಕೆ-1 ದೋಣಿಯ ಉದ್ದ 5.2 ಮೀಟರ್ ಮೀರುವಂತಿಲ್ಲ, ತೂಕ 12 ಕಿಲೋಗ್ರಾಂಗಿಂತ ಕಡಿಮೆ ಇರುವಂತಿಲ್ಲ. ಕೆ-4 ದೋಣಿ 11 ಮೀಟರ್‌ವರೆಗೆ ಉದ್ದವಿರಬಹುದು.

ಸ್ಪರ್ಧೆಯ ಕ್ರಮ

ಪ್ರಧಾನ ದೂರಗಳು 200, 500 ಮತ್ತು 1000 ಮೀಟರ್. ಇವುಗಳಲ್ಲಿ ಒಂಬತ್ತು ಪಥಗಳಿರುತ್ತವೆ. ಪ್ರತಿ ಪಥದ ಅಗಲ 9 ಮೀಟರ್. ಮುಂದಿನ ದೋಣಿ ಎಬ್ಬಿಸುವ ಅಲೆಯನ್ನೇರಿ ಶ್ರಮ ಉಳಿಸಿಕೊಳ್ಳುವುದನ್ನು ತಡೆಯಲು ಪ್ರತಿಯೊಬ್ಬರೂ ತಮ್ಮ ಪಥದ ನಡುವೆಯೇ ಸಾಗಬೇಕೆಂಬ ನಿಯಮವಿದೆ. 5000 ಮೀಟರ್ ಸ್ಪರ್ಧೆ ಇದಕ್ಕೆ ಅಪವಾದ. ಅಲ್ಲಿ ಪಥಗಳಿಲ್ಲ, ಎಲ್ಲರೂ ಒಟ್ಟಿಗೆ ಹೊರಟು ತಿರುವುಗಳಲ್ಲಿ ಸುತ್ತು ಹಾಕುತ್ತಾರೆ, ಅಲೆಯೇರುವುದೂ ಒಂದು ತಂತ್ರವೇ.

ಹಿಂದಿನಿಂದ ಬೀಸುವ ಗಾಳಿಯೊಂದೇ ಹಲವು ಸೆಕೆಂಡುಗಳ ಅಂತರ ತರಬಲ್ಲದು. ಈ ಕಾರಣದಿಂದ ಒಕ್ಕೂಟವು ‘ವಿಶ್ವ ದಾಖಲೆ’ ಎನ್ನದೆ ‘ವಿಶ್ವದ ಅತ್ಯುತ್ತಮ ಸಮಯ’ ಎಂಬ ಪದವನ್ನು ಬಳಸುತ್ತದೆ.

ಇತಿಹಾಸ

ಕೆನೋ ಮತ್ತು ಕಯಾಕ್ ಸ್ಪರ್ಧೆಗಳು 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಕ್ರೀಡೆಯಾಗಿದ್ದವು. 1936ರ ಬರ್ಲಿನ್ ಕೂಟದಲ್ಲಿ ಪದಕದ ಕ್ರೀಡೆಯಾದವು. ಎರಡು ವರ್ಷಗಳ ಬಳಿಕ ವಿಶ್ವ ಚಾಂಪಿಯನ್‌ಶಿಪ್ ಆರಂಭವಾಯಿತು. ಆಗಿನ ಕಾಲದ ಸ್ಪರ್ಧೆಗಳಲ್ಲಿ ಮಡಚಿ ಒಯ್ಯಬಹುದಾದ ಕಯಾಕ್‌ಗಳಿಗೂ ಪ್ರತ್ಯೇಕ ವಿಭಾಗವಿತ್ತು. ಎರಡನೆಯ ಮಹಾಯುದ್ಧದಿಂದಾಗಿ ಹತ್ತು ವರ್ಷಗಳ ವಿರಾಮ ಬಿದ್ದು, ಮುಂದಿನ ಕೂಟ 1948ರಲ್ಲಿ ಲಂಡನ್‌ನಲ್ಲಿ ನಡೆಯಿತು.

ಬಳಿಕ ಹಲವು ದೂರಗಳು ಬಂದು ಹೋದವು. 10,000 ಮೀಟರ್ ಸ್ಪರ್ಧೆಯು 1993ರ ಕೋಪನ್‌ಹೇಗನ್ ಕೂಟದ ನಂತರ ನಿಂತುಹೋಯಿತು. 1994ರಲ್ಲಿ ಮೆಕ್ಸಿಕೊ ನಗರದಲ್ಲಿ 200 ಮೀಟರ್ ಪ್ರವೇಶಿಸಿತು. 5000 ಮೀಟರ್ 2010ರಿಂದ ಕಾರ್ಯಕ್ರಮದಲ್ಲಿದೆ. ಜರ್ಮನಿಯ ಡುಯಿಸ್‌ಬರ್ಗ್ ಮತ್ತು ಹಂಗೇರಿಯ ಸೆಗೆಡ್ ನಗರಗಳು ಈ ಕೂಟವನ್ನು ಹಲವು ಬಾರಿ ನಡೆಸಿಕೊಟ್ಟಿವೆ. 2024ರಲ್ಲಿ ಒಲಿಂಪಿಕ್ಸ್ ವರ್ಷವಾಗಿದ್ದರೂ ಉಜ್ಬೇಕಿಸ್ತಾನದ ಸಮರ್‌ಕಂದ್‌ನಲ್ಲಿ ಒಲಿಂಪಿಕ್ಸ್‌ನಲ್ಲಿಲ್ಲದ ವಿಭಾಗಗಳಿಗಾಗಿ ಮಾತ್ರ ಚಾಂಪಿಯನ್‌ಶಿಪ್ ನಡೆಯಿತು.

ಮಹಿಳೆಯರ ಕೆನೋ

ಈ ಕೂಟದ ಇತಿಹಾಸದಲ್ಲಿ ಅತ್ಯಂತ ದೀರ್ಘಕಾಲ ಬಗೆಹರಿಯದೆ ಉಳಿದ ಪ್ರಶ್ನೆ ಮಹಿಳೆಯರ ಕೆನೋ ಸ್ಪರ್ಧೆಯದು. ಮಹಿಳೆಯರು 1938ರಲ್ಲೇ ಕಯಾಕ್ ಸ್ಪರ್ಧೆಯಲ್ಲಿದ್ದರು; 1948ರಿಂದ ಒಲಿಂಪಿಕ್ಸ್‌ನಲ್ಲಿಯೂ ಇದ್ದರು. ಆದರೆ ಒಂದೇ ಅಲಗಿನ ಹುಟ್ಟು ಪುರುಷರಿಗಷ್ಟೇ ಮೀಸಲಾಗಿತ್ತು. ಮೊಣಕಾಲೂರಿ ಒಂದೇ ಬದಿಗೆ ಬಲ ಹಾಕುವುದರಿಂದ ಹೆಣ್ಣಿನ ದೇಹಕ್ಕೆ, ಅದರಲ್ಲೂ ಹೆರುವ ಸಾಮರ್ಥ್ಯಕ್ಕೆ, ಹಾನಿಯಾಗುತ್ತದೆಂಬ ಮಾತು ಕ್ರೀಡಾವಲಯದಲ್ಲಿ ಬಹುಕಾಲ ಚಾಲ್ತಿಯಲ್ಲಿತ್ತು. ಇದಕ್ಕೆ ವೈದ್ಯಕೀಯ ಆಧಾರವಿರಲಿಲ್ಲ. ಆಧಾರವಿಲ್ಲದ ಈ ಮಾತಿಗಿಂತ ಗಟ್ಟಿಯಾದ ಅಡ್ಡಿ ಮತ್ತೊಂದಿತ್ತು: ಸಾಕಷ್ಟು ದೇಶಗಳಲ್ಲಿ ಕೆನೋ ಮಹಿಳೆಯರಿಲ್ಲ, ಆದ್ದರಿಂದ ಸ್ಪರ್ಧೆ ಇಡಲಾಗದು ಎಂಬ ವಾದ. ಸ್ಪರ್ಧೆಯೇ ಇಲ್ಲದಿದ್ದಾಗ ಯಾವ ದೇಶದ ಸಂಸ್ಥೆಯೂ ಮಹಿಳೆಯರ ತರಬೇತಿಗೆ ಹಣ ಹೂಡುತ್ತಿರಲಿಲ್ಲ, ಹೀಗಾಗಿ ಸಂಖ್ಯೆಯೂ ಬೆಳೆಯುತ್ತಿರಲಿಲ್ಲ.

ಕೆನಡಾ ಮತ್ತು ಅಮೆರಿಕದ ಕ್ರೀಡಾಪಟುಗಳು ಇದರ ವಿರುದ್ಧ ಹಲವು ವರ್ಷ ದನಿಯೆತ್ತಿದರು. ಅಮೆರಿಕದ ಪ್ಯಾಮ್ ಬೋಟೆಲರ್ ಈ ಚಳವಳಿಯ ಮುಂಚೂಣಿಯಲ್ಲಿದ್ದರು. 2009ರಲ್ಲಿ ಕೆನಡಾದ ಡಾರ್ಟ್‌ಮತ್ ಕೂಟದಲ್ಲಿ ಮಹಿಳೆಯರ ಕೆನೋ ಪ್ರದರ್ಶನ ಸ್ಪರ್ಧೆಯಾಗಿ ನಡೆಯಿತು. 2010ರಲ್ಲಿ ಪೋಲೆಂಡಿನ ಪೊಜ್ನಾನ್‌ನಲ್ಲಿ ಸಿ-1 200 ಮೀಟರ್ ಅಧಿಕೃತ ಪದಕದ ಸ್ಪರ್ಧೆಯಾಯಿತು. ಕೂಟ ಆರಂಭವಾಗಿ ಆಗಲೇ 72 ವರ್ಷಗಳಾಗಿದ್ದವು. ಆ ಮೊದಲ ಪ್ರಶಸ್ತಿಯನ್ನು ಗೆದ್ದ ಕೆನಡಾದ ಲಾರೆನ್ಸ್ ವಿನ್ಸೆಂಟ್-ಲಪಾಯಿಂಟ್ ಮುಂದಿನ ಹಲವು ಕೂಟಗಳಲ್ಲಿಯೂ ಅದೇ ವಿಭಾಗದಲ್ಲಿ ವಿಶ್ವ ಚಾಂಪಿಯನ್ ಆದರು.

ಒಲಿಂಪಿಕ್ಸ್ ಬಾಗಿಲು ಮಾತ್ರ ಇನ್ನೂ ಮುಚ್ಚಿತ್ತು. 2016ರ ರಿಯೊ ಕೂಟದ 12 ಕೆನೋ ಸ್ಪ್ರಿಂಟ್ ಸ್ಪರ್ಧೆಗಳಲ್ಲಿ ಎಂಟು ಪುರುಷರವು, ನಾಲ್ಕು ಮಹಿಳೆಯರವು. ಆ ನಾಲ್ಕೂ ಕಯಾಕ್. ವಿಶ್ವ ಚಾಂಪಿಯನ್‌ಗಳಾಗಿದ್ದ ಕೆನೋ ಮಹಿಳೆಯರು ತಮ್ಮ ಉತ್ತಮ ವರ್ಷಗಳಲ್ಲಿ ಲಂಡನ್ ಮತ್ತು ರಿಯೊ ಕೂಟಗಳನ್ನು ಹೊರಗಿನಿಂದಲೇ ನೋಡಬೇಕಾಯಿತು. ಟೋಕಿಯೊದಲ್ಲಿ (2021ರಲ್ಲಿ ನಡೆದ 2020ರ ಕೂಟ) ಮಹಿಳೆಯರ ಸಿ-1 200 ಮೀಟರ್ ಮತ್ತು ಸಿ-2 500 ಮೀಟರ್ ಸೇರಿದವು. ಇದಕ್ಕೆ ಸ್ಥಳ ಮಾಡಲು ಪುರುಷರ ಕೆಲವು ಸ್ಪರ್ಧೆಗಳನ್ನು ಕೈಬಿಡಲಾಯಿತು. ಇಬ್ಬರಿಗೂ ಆರಾರು ಸ್ಪರ್ಧೆಗಳಾದವು. ಏಕವ್ಯಕ್ತಿ ಚಿನ್ನವನ್ನು ಅಮೆರಿಕದ ನೆವಿನ್ ಹ್ಯಾರಿಸನ್ ಗೆದ್ದರು. ಇವರು 2019ರಲ್ಲಿ 17ನೆಯ ವಯಸ್ಸಿಗೇ ವಿಶ್ವ ಚಾಂಪಿಯನ್ ಆಗಿದ್ದವರು. ವಿನ್ಸೆಂಟ್-ಲಪಾಯಿಂಟ್ ಬೆಳ್ಳಿ ಪಡೆದರು. ಸಿ-2ರಲ್ಲಿ ಚೀನಾದ ಶು ಶಿಶಿಯಾವೊ ಮತ್ತು ಸನ್ ಮೆಂಗ್ಯಾ ಜಯಗಳಿಸಿದರು. 2024ರ ಪ್ಯಾರಿಸ್‌ನ ಸಿ-1 ಅಂತಿಮ ಸ್ಪರ್ಧೆಯಲ್ಲಿ ಕೆನಡಾದ ಕೇಟಿ ವಿನ್ಸೆಂಟ್ ಅವರು ಹ್ಯಾರಿಸನ್‌ಗಿಂತ ಕೇವಲ 0.01 ಸೆಕೆಂಡ್ ಮುಂದಿದ್ದರು.

ಪ್ರಮುಖ ಕ್ರೀಡಾಪಟುಗಳು

ಯುದ್ಧಾನಂತರದ ಮೊದಲ ದೊಡ್ಡ ಹೆಸರು ಸ್ವೀಡನ್‌ನ ಗೆರ್ಟ್ ಫ್ರೆಡ್ರಿಕ್ಸನ್. ಇವರು 1948ರಿಂದ 1960ರವರೆಗೆ ಆರು ಒಲಿಂಪಿಕ್ ಚಿನ್ನ ಗೆದ್ದರಲ್ಲದೆ ವಿಶ್ವ ಚಾಂಪಿಯನ್‌ಶಿಪ್‌ಗಳಲ್ಲಿಯೂ ಹಲವು ಪ್ರಶಸ್ತಿ ಪಡೆದರು. ರುಮೇನಿಯಾದ ಇವಾನ್ ಪಟ್ಸಾಯ್ಕಿನ್ ಕೆನೋ ಕ್ರೀಡೆಯ ದಂತಕಥೆ ಎನಿಸಿದವರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಪ್ರಾಥಮಿಕ ಸುತ್ತಿನಲ್ಲಿ ಅವರ ಹುಟ್ಟು ಮುರಿಯಿತು. ಮುರಿದ ತುಂಡಿನಿಂದಲೇ ಗುರಿ ಮುಟ್ಟಿ, ಮರು ಅವಕಾಶದ ಸುತ್ತಿನಿಂದ ಮೇಲೇರಿ, ಸಿ-1 1000 ಮೀಟರ್‌ನಲ್ಲಿ ಚಿನ್ನ ಗೆದ್ದರು.

ಜರ್ಮನಿಯ ಬಿರ್ಗಿಟ್ ಫಿಷರ್ 1980ರ ಮಾಸ್ಕೋದಿಂದ 2004ರ ಅಥೆನ್ಸ್‌ವರೆಗೆ ಎಂಟು ಒಲಿಂಪಿಕ್ ಚಿನ್ನ ಪಡೆದವರು. ಅವರ ವಿಶ್ವ ಪ್ರಶಸ್ತಿಗಳ ಸಂಖ್ಯೆ 25ನ್ನು ಮೀರುತ್ತದೆ. ಪೂರ್ವ ಜರ್ಮನಿಯ ಪರವಾಗಿ ಆರಂಭಿಸಿದ ಅವರು ಏಕೀಕೃತ ಜರ್ಮನಿಯ ಪರವಾಗಿ ಮುಗಿಸಿದರು. 1984ರ ಬಹಿಷ್ಕಾರದಿಂದ ಒಂದು ಒಲಿಂಪಿಕ್ಸ್ ಕೈತಪ್ಪಿತ್ತು. ಹಂಗೇರಿಯ ಕಾತಲಿನ್ ಕೊವಾಚ್ 30ಕ್ಕೂ ಹೆಚ್ಚು ವಿಶ್ವ ಪ್ರಶಸ್ತಿಗಳನ್ನು ಗೆದ್ದಿದ್ದಾರೆ. ನ್ಯೂಜಿಲೆಂಡ್‌ನ ಲೀಸಾ ಕ್ಯಾರಿಂಗ್ಟನ್ 2011ರಲ್ಲಿ ಸೆಗೆಡ್‌ನಲ್ಲಿ ಮೊದಲ ವಿಶ್ವ ಪ್ರಶಸ್ತಿ ಪಡೆದು, 2024ರ ಹೊತ್ತಿಗೆ ಎಂಟು ಒಲಿಂಪಿಕ್ ಚಿನ್ನಗಳ ಒಡತಿಯಾದರು.

ಪ್ಯಾರಾಕೆನೋ ಮತ್ತು ಭಾರತ

ಅಂಗವಿಕಲ ಕ್ರೀಡಾಪಟುಗಳ ಪ್ಯಾರಾಕೆನೋ ಸ್ಪರ್ಧೆಗಳು 2010ರಿಂದ ವಿಶ್ವ ಚಾಂಪಿಯನ್‌ಶಿಪ್ ಮಟ್ಟದಲ್ಲಿ ನಡೆಯುತ್ತಿವೆ. ಇವು 200 ಮೀಟರ್ ದೂರದವು; ಕಯಾಕ್ ಜೊತೆಗೆ, ಪಕ್ಕದಲ್ಲೊಂದು ತೇಲುಗಟ್ಟಿ ಜೋಡಿಸಿದ ‘ವಾ’ ಎಂಬ ದೋಣಿಯ ವಿಭಾಗವೂ ಇದೆ. ಪ್ಯಾರಾಲಿಂಪಿಕ್ಸ್‌ಗೆ ಕಯಾಕ್ 2016ರಲ್ಲಿ, ವಾ ದೋಣಿ ಟೋಕಿಯೊದಲ್ಲಿ ಸೇರಿತು.

ಮುಖ್ಯ ವಿಶ್ವ ಕೂಟದಲ್ಲಿ ಯೂರೋಪಿನ ದೇಶಗಳೇ ಪ್ರಬಲ. ಭಾರತದ ಸಾಧನೆ ಹೆಚ್ಚಾಗಿ ಏಷ್ಯಾ ಮಟ್ಟದ್ದು: 1994ರ ಹಿರೋಶಿಮಾ ಏಷ್ಯನ್ ಕ್ರೀಡಾಕೂಟದ ಸಿ-2 1000 ಮೀಟರ್ ಕಂಚಿನ ನಂತರ ಮುಂದಿನ ಪದಕ ಬಂದದ್ದು ಹಾಂಗ್‌ಝೌನಲ್ಲಿ, ಅರ್ಜುನ್ ಸಿಂಗ್ ಮತ್ತು ಸುನಿಲ್ ಸಿಂಗ್ ಸಲಾಂ ಜೋಡಿಯಿಂದ, ಅದೇ ವಿಭಾಗದಲ್ಲಿ. ಪ್ಯಾರಾಕೆನೋದಲ್ಲಿ ಪ್ರಾಚಿ ಯಾದವ್ ಪ್ಯಾರಾಲಿಂಪಿಕ್ಸ್‌ಗೆ ಅರ್ಹತೆ ಪಡೆದ ಮೊದಲ ಭಾರತೀಯರು. 2022ರಲ್ಲಿ ಡಾರ್ಟ್‌ಮತ್‌ನ ವಿಶ್ವ ಕೂಟದಲ್ಲಿ ಮಧ್ಯಪ್ರದೇಶದ ಪೂಜಾ ಓಝಾ ಮಹಿಳೆಯರ ವಾ ದೋಣಿಯ ಸ್ಪರ್ಧೆಯಲ್ಲಿ ಬೆಳ್ಳಿ ಪದಕ ಗಳಿಸಿದರು.