ವಿದೇಶೀಯರ ಶಾಸನವೂ ಸಂಪ್ರದಾಯವಾದಿ ಚಳವಳಿಯ ಐಕ್ಯವೂ: ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಿಂದ ಒಂದು ವಿವೇಚನೆ

೧. ಪ್ರಶ್ನೆಯ ಸ್ವರೂಪ

ರಾಜಕೀಯ ಚಳವಳಿಯೊಂದರ ಐಕ್ಯವು ಯಾವುದರ ಮೇಲೆ ನಿಂತಿದೆಯೆಂಬುದು ಅದು ವಿರೋಧಪಕ್ಷದಲ್ಲಿರುವವರೆಗೆ ಸ್ಪಷ್ಟವಾಗುವುದಿಲ್ಲ. ತಾನು ಬಹುಕಾಲ ಬೇಡಿದ ಶಾಸನವನ್ನು ತಾನೇ ಜಾರಿಗೊಳಿಸಬೇಕಾಗಿ ಬಂದಾಗ ಅದರ ಒಳಗಿನ ಎಳೆಗಳು ಬೇರೆಬೇರೆಯಾಗಿ ಕಾಣತೊಡಗುತ್ತವೆ. ಅಕ್ರಮವಾಗಿ ಬಂದು ನೆಲೆಸಿದ ವಿದೇಶೀಯರನ್ನು ಗುರುತಿಸಿ ಹೊರಕಳುಹಿಸುವ ವಿಷಯವು ಇಂತಹ ಪರೀಕ್ಷೆಗೆ ಉತ್ತಮ ನಿದರ್ಶನವಾಗಿದೆ. ಪ್ರಸ್ತುತ ಲೇಖನದಲ್ಲಿ ನಾವು ಈ ವಿಷಯವನ್ನು ಹಾವೇರಿ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಕಡೆಯಿಂದ ನೋಡಲು ಯತ್ನಿಸಿದ್ದೇವೆ. ದೇಶದ ಗಡಿಗಳಿಂದ ಇಷ್ಟು ದೂರವಿರುವ ಈ ಸೀಮೆಗೂ ವಿದೇಶೀಯರ ಶಾಸನಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಆ ಸಂಬಂಧವು ಮೂರು ಬಗೆಯದು: ಈ ಶಾಸನವನ್ನು ಕರ್ನಾಟಕದಲ್ಲಿ ನಡೆಸಬೇಕಾಗಿದ್ದ ಗೃಹಮಂತ್ರಿಗಳು ಶಿಗ್ಗಾಂವಿಯ ಪ್ರತಿನಿಧಿಗಳಾಗಿದ್ದರು, ವಿದೇಶೀಯರೆಂದೇ ನೋಂದಣಿ ಪಡೆದ ಸಾವಿರಾರು ಜನ ಹಾನಗಲ್ಲು, ಶಿಗ್ಗಾಂವಿಗಳ ನೆರೆಯಲ್ಲಿಯೇ ವಾಸವಾಗಿದ್ದಾರೆ, ಪೌರತ್ವಕ್ಕೆ ಕಾಗದವನ್ನು ಕೇಳುವ ಕಾಲ ಬಂದರೆ ಉತ್ತರ ಕೊಡಬೇಕಾದವರು ಇಲ್ಲಿಯ ರೈತರೂ ಕೂಲಿಕಾರರೂ ಆಗಿದ್ದಾರೆ.

೨. ಅಧಿಕಾರ ಒಬ್ಬರದು, ಕೈ ಇನ್ನೊಬ್ಬರದು

ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಪೌರತ್ವ, ವಿದೇಶೀಯರು, ದೇಶದೊಳಕ್ಕೆ ಪ್ರವೇಶ, ದೇಶದಿಂದ ಉಚ್ಚಾಟನೆ ಎಂಬ ವಿಷಯಗಳು ಕೇಂದ್ರಪಟ್ಟಿಗೆ ಸೇರಿವೆ. ಪೊಲೀಸು ಎಂಬುದು ರಾಜ್ಯಪಟ್ಟಿಗೆ ಸೇರಿದೆ. ಕೇಂದ್ರಕ್ಕೆ ಹಳ್ಳಿಹಳ್ಳಿಗೂ ಮುಟ್ಟುವ ತನ್ನದೇ ಆದ ಪೊಲೀಸು ವ್ಯವಸ್ಥೆಯಿಲ್ಲ. ಆದುದರಿಂದ ೧೯೪೬ರ ವಿದೇಶೀಯರ ಅಧಿನಿಯಮದ ಪ್ರಕಾರ ಹುಡುಕುವ, ಬಂಧಿಸಿಡುವ, ಹೊರಕಳುಹಿಸುವ ಅಧಿಕಾರಗಳನ್ನು ಸಂವಿಧಾನದ ೨೫೮ನೆಯ ಅನುಚ್ಛೇದದ ಮೇರೆಗೆ ೧೯೫೮ರಲ್ಲಿ ರಾಜ್ಯ ಸರ್ಕಾರಗಳಿಗೆ ವಹಿಸಿಕೊಡಲಾಯಿತು. ೨೦೨೫ರ ಸೆಪ್ಟೆಂಬರ್ ೧ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶೀಯರ ಅಧಿನಿಯಮವು ೧೯೪೬ರ ಶಾಸನವನ್ನೂ ಅದರ ಜೊತೆಗಿನ ಇತರ ಮೂರು ಶಾಸನಗಳನ್ನೂ ರದ್ದುಗೊಳಿಸಿತಾದರೂ ಜಿಲ್ಲಾ ಪೊಲೀಸರ ಪಾತ್ರವು ಹಿಂದಿನಂತೆಯೇ ಉಳಿದಿದೆ. ತಾನು ವಿದೇಶೀಯನಲ್ಲವೆಂದು ಸಾಬೀತುಪಡಿಸುವ ಹೊಣೆಯನ್ನು ಆಪಾದಿತನ ಮೇಲೆಯೇ ಹೊರಿಸುವ ಹಳೆಯ ನಿಯಮವೂ ಹೊಸ ಶಾಸನದಲ್ಲಿ ಉಳಿದಿದೆ.

ಈ ಏರ್ಪಾಡಿನ ಪರಿಣಾಮವನ್ನು ಗಮನಿಸಬೇಕು. ದಿಲ್ಲಿಯಲ್ಲಿ ತತ್ತ್ವವಾಗಿ ಹುಟ್ಟಿದ ವಿಷಯವು ತಾಲ್ಲೂಕಿನ ಪೊಲೀಸು ಠಾಣೆಗೆ ಬರುವ ಹೊತ್ತಿಗೆ ಮನೆಯ ಬಾಗಿಲಿನ ವಿಷಯವಾಗಿರುತ್ತದೆ. ತತ್ತ್ವದ ಮಟ್ಟದಲ್ಲಿ ಸುಲಭವಾಗಿದ್ದ ಐಕ್ಯವು ಬಾಗಿಲಿನ ಮಟ್ಟದಲ್ಲಿ ಕಷ್ಟವಾಗುತ್ತದೆ.

೩. ನಾಲ್ಕು ನಿಷ್ಠೆಗಳು

ಸಂಪ್ರದಾಯವಾದಿ ಚಳವಳಿಯೆಂದು ನಾವು ಒಟ್ಟಾಗಿ ಕರೆಯುವುದರೊಳಗೆ ವಲಸೆಯ ವಿಷಯದಲ್ಲಿ ನಾಲ್ಕು ನಿಷ್ಠೆಗಳನ್ನು ಗುರುತಿಸಬಹುದು. ಮೊದಲನೆಯದು ಶಾಸನನಿಷ್ಠೆ: ಕಾಗದವಿಲ್ಲದೆ ಬಂದವನು ಯಾರಾದರೂ ಆಗಿರಲಿ, ಅವನು ಅಕ್ರಮ ವಲಸಿಗ. ಎರಡನೆಯದು ಸಂಸ್ಕೃತಿನಿಷ್ಠೆ: ಭಾರತವು ಹಿಂದೂ, ಸಿಖ್ಖ, ಬೌದ್ಧ ಮೊದಲಾದವರಿಗೆ ಸಹಜವಾದ ಆಶ್ರಯಸ್ಥಾನ, ಆದುದರಿಂದ ಬಂದವರೆಲ್ಲರನ್ನೂ ಒಂದೇ ಅಳತೆಯಿಂದ ಅಳೆಯಲಾಗದು. ಮೂರನೆಯದು ಪ್ರಾಂತನಿಷ್ಠೆ: ನಮ್ಮ ನೆಲ, ನಮ್ಮ ಭಾಷೆ, ನಮ್ಮ ಉದ್ಯೋಗಗಳು ಹೊರಗಿನವರ ಪಾಲಾಗಬಾರದು, ಬಂದವರ ಮತ ಯಾವುದೇ ಆಗಿರಲಿ. ನಾಲ್ಕನೆಯದು ಉದ್ಯಮನಿಷ್ಠೆ: ತೋಟಕ್ಕೂ ಕಟ್ಟಡಕ್ಕೂ ಆಳು ಬೇಕು, ಸರ್ಕಾರವು ದುಡಿಮೆಯ ನಡುವೆ ಕೈಹಾಕಬಾರದು.

ಅಟಲ ಬಿಹಾರಿ ವಾಜಪೇಯಿಯವರ ಸರ್ಕಾರವು ೨೦೦೩ರಲ್ಲಿ ಪೌರತ್ವ ಅಧಿನಿಯಮಕ್ಕೆ ತಂದ ತಿದ್ದುಪಡಿಯ ಕಾಲದಲ್ಲಿ ಈ ನಿಷ್ಠೆಗಳು ಒಟ್ಟಿಗೆ ನಿಲ್ಲಬಲ್ಲವಾಗಿದ್ದವು. ‘ಅಕ್ರಮ ವಲಸಿಗ’ ಎಂಬ ಮಾತಿಗೆ ಶಾಸನದಲ್ಲಿ ಅರ್ಥ ನಿರೂಪಿತವಾಯಿತು, ಪೌರರ ರಾಷ್ಟ್ರೀಯ ನೋಂದಣಿಗೆ ಅವಕಾಶ ಕಲ್ಪಿತವಾಯಿತು, ಆದರೆ ನೋಂದಣಿ ನಡೆಯಲಿಲ್ಲ. ನಡೆದುದು ಅಸ್ಸಾಮಿನಲ್ಲಿ. ೨೦೧೯ರ ಆಗಸ್ಟ್ ೩೧ರಂದು ಪ್ರಕಟವಾದ ಅಲ್ಲಿಯ ಅಂತಿಮ ಪಟ್ಟಿಯಿಂದ ೧೯,೦೬,೬೫೭ ಜನ ಹೊರಗುಳಿದರು. ಅವರಲ್ಲಿ ಬಹುಸಂಖ್ಯೆಯ ಹಿಂದೂಗಳೂ ಇದ್ದುದರಿಂದ, ನೋಂದಣಿಯನ್ನು ಬೇಡಿದ್ದ ಭಾರತೀಯ ಜನತಾ ಪಕ್ಷದ ಅಸ್ಸಾಂ ಶಾಖೆಯೇ ಪಟ್ಟಿಯನ್ನು ಒಪ್ಪಲಿಲ್ಲ. ಶಾಸನನಿಷ್ಠೆಗೂ ಸಂಸ್ಕೃತಿನಿಷ್ಠೆಗೂ ಇಲ್ಲಿ ಬಿರುಕು ಬಿದ್ದಿತು.

ಆ ಬಿರುಕನ್ನು ಮುಚ್ಚಲು ಬಂದುದು ೨೦೧೯ರ ಡಿಸೆಂಬರಿನ ಪೌರತ್ವ ತಿದ್ದುಪಡಿ ಅಧಿನಿಯಮ. ಅಫಘಾನಿಸ್ತಾನ, ಬಾಂಗ್ಲಾದೇಶ, ಪಾಕಿಸ್ತಾನಗಳಿಂದ ೨೦೧೪ರ ಡಿಸೆಂಬರ್ ೩೧ರೊಳಗೆ ಬಂದ ಆರು ಮತಗಳ ಜನರನ್ನು ಅದು ಅಕ್ರಮ ವಲಸಿಗರ ಸಾಲಿನಿಂದ ಬಿಡಿಸಿತು, ಮುಸಲ್ಮಾನರನ್ನು ಸೇರಿಸಲಿಲ್ಲ. ಸಂಸ್ಕೃತಿನಿಷ್ಠರಿಗೆ ಇದರಿಂದ ತೃಪ್ತಿಯಾಯಿತು, ಪ್ರಾಂತನಿಷ್ಠರಿಗೆ ಆಘಾತವಾಯಿತು. ಮಿತ್ರಪಕ್ಷವಾಗಿದ್ದ ಅಸ್ಸಾಂ ಗಣ ಪರಿಷತ್ತು ಇದೇ ಕಾರಣದಿಂದ ೨೦೧೯ರ ಜನವರಿಯಲ್ಲಿ ಮೈತ್ರಿಯನ್ನು ಬಿಟ್ಟು, ಮಾರ್ಚಿಯಲ್ಲಿ ಮರಳಿತ್ತು. ಇನ್ನೊಂದು ಮಿತ್ರಪಕ್ಷವಾದ ಅಕಾಲಿದಳವು ತಿದ್ದುಪಡಿಯ ಪರವಾಗಿ ಮತ ಕೊಟ್ಟೂ ಮುಸಲ್ಮಾನರನ್ನು ಸೇರಿಸಬೇಕೆಂದು ವಾದಿಸಿತು. ೨೦೨೦ರ ಫೆಬ್ರುವರಿಯಲ್ಲಿ ಬಿಹಾರದ ವಿಧಾನಸಭೆಯು ತನ್ನ ರಾಜ್ಯದಲ್ಲಿ ಪೌರನೋಂದಣಿ ಬೇಡವೆಂದು ಸರ್ವಾನುಮತದಿಂದ ನಿರ್ಣಯಿಸಿದಾಗ, ಭಾರತೀಯ ಜನತಾ ಪಕ್ಷವು ಅಲ್ಲಿಯ ಆಡಳಿತ ಮೈತ್ರಿಯಲ್ಲಿಯೇ ಇದ್ದಿತು.

೪. ನಾಲ್ಕು ತಾಲ್ಲೂಕುಗಳಲ್ಲಿ ಚಳವಳಿಯ ರಚನೆ

ಇನ್ನು ನಮ್ಮ ಸೀಮೆಗೆ ಬರೋಣ. ಈ ತಾಲ್ಲೂಕುಗಳಲ್ಲಿ ಸಂಪ್ರದಾಯವಾದಿ ಪಕ್ಷವು ಒಂದೇ ಬೇರಿನಿಂದ ಬೆಳೆದುದಲ್ಲ. ಹಾನಗಲ್ಲನ್ನು ದೀರ್ಘಕಾಲ ಪ್ರತಿನಿಧಿಸಿದ ಸಿ. ಎಂ. ಉದಾಸಿಯವರು ಜನತಾ ಪಕ್ಷದ ಪರಂಪರೆಯಿಂದ ಬಂದವರು. ಶಿಗ್ಗಾಂವಿಯಿಂದ ೨೦೦೮ರಿಂದ ಸತತವಾಗಿ ನಾಲ್ಕು ಬಾರಿ ಗೆದ್ದ ಬಸವರಾಜ ಬೊಮ್ಮಾಯಿಯವರೂ ೨೦೦೮ರಲ್ಲಿಯೇ ಜನತಾ ಪರಿವಾರದಿಂದ ಭಾರತೀಯ ಜನತಾ ಪಕ್ಷಕ್ಕೆ ಸೇರಿದವರು. ಹಿರೇಕೆರೂರಿನ ಬಿ. ಸಿ. ಪಾಟೀಲರು ೨೦೧೮ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದು, ೨೦೧೯ರಲ್ಲಿ ಪಕ್ಷಾಂತರ ಮಾಡಿ, ಉಪಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷದಿಂದ ಮರಳಿ ಆರಿಸಿಬಂದರು. ಆ ಉಪಚುನಾವಣೆಯ ಫಲಿತಾಂಶ ಹೊರಬಿದ್ದುದು ೨೦೧೯ರ ಡಿಸೆಂಬರ್ ೯ರಂದು. ಪೌರತ್ವ ತಿದ್ದುಪಡಿ ವಿಧೇಯಕವು ಲೋಕಸಭೆಯಲ್ಲಿ ಮಂಡಿತವಾದುದೂ ಅದೇ ದಿನ.

ಹೀಗೆ ಇಲ್ಲಿಯ ಐಕ್ಯವನ್ನು ಕಟ್ಟಿದವು ನೀರಾವರಿ, ಬೆಳೆಯ ಬೆಲೆ, ಮಠಗಳ ಪ್ರಭಾವ, ಜಾತಿಬಲ, ನಾಯಕರ ವೈಯಕ್ತಿಕ ವರ್ಚಸ್ಸು ಮೊದಲಾದವುಗಳು. ಪೌರತ್ವದ ಪ್ರಶ್ನೆಯು ಮೇಲಿನಿಂದ ಬಂದು ಈ ಕಟ್ಟಡದ ಮೇಲೆ ಕುಳಿತಿತು. ಸವಣೂರು, ಶಿಗ್ಗಾಂವಿಗಳಲ್ಲಿ ಮುಸಲ್ಮಾನ ಮತದಾರರ ಸಂಖ್ಯೆ ಗಣನೀಯವಾದುದು. ಅಲ್ಲಿ ಗೆಲ್ಲಬೇಕಾದ ಯಾವ ನಾಯಕನಿಗೂ ನೆರೆಹೊರೆಯ ಸೌಹಾರ್ದವು ಕೇವಲ ನೀತಿಯ ಮಾತಲ್ಲ, ರಾಜಕೀಯದ ಅಗತ್ಯವೂ ಆಗಿದೆ.

ಇಂತಹ ಕ್ಷೇತ್ರದ ಪ್ರತಿನಿಧಿಗಳು ೨೦೧೯ರ ಆಗಸ್ಟಿನಿಂದ ೨೦೨೧ರ ಜುಲೈವರೆಗೆ ರಾಜ್ಯದ ಗೃಹಮಂತ್ರಿಗಳಾಗಿದ್ದರು. ಅವರ ತಂದೆಯವರಾದ ಎಸ್. ಆರ್. ಬೊಮ್ಮಾಯಿಯವರ ಮೊಕದ್ದಮೆಯಲ್ಲಿ ೧೯೯೪ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು, ಕೇಂದ್ರವು ರಾಜ್ಯ ಸರ್ಕಾರಗಳನ್ನು ಮನಬಂದಂತೆ ವಜಾಮಾಡುವುದಕ್ಕೆ ಎಲ್ಲೆ ಕಟ್ಟಿದ್ದಿತು. ಕೇಂದ್ರದ ಶಾಸನವನ್ನು ರಾಜ್ಯದ ಕೈಯಿಂದ ನಡೆಸುವ ಹೊಣೆ ಮಗನ ಪಾಲಿಗೆ ಬಂದಿತು. ೨೦೧೯ರ ಅಕ್ಟೋಬರಿನಲ್ಲಿ ಗೃಹಮಂತ್ರಿಗಳು, ಪೌರನೋಂದಣಿಯ ವಿಷಯವಾಗಿ ಮಾಹಿತಿ ಸಂಗ್ರಹಿಸಿ ಕೇಂದ್ರದೊಡನೆ ಚರ್ಚಿಸುವುದಾಗಿ ತಿಳಿಸಿದರು. ಡಿಸೆಂಬರಿನಲ್ಲಿ ನೆಲಮಂಗಲದ ಸಮೀಪದ ಸೊಂಡೆಕೊಪ್ಪದಲ್ಲಿ ಸಿದ್ಧವಾದ ಕೇಂದ್ರದ ಬಗ್ಗೆ ಪ್ರಶ್ನೆಗಳೆದ್ದಾಗ, ಅದು ಅವಧಿ ಮೀರಿ ಉಳಿದ ಮತ್ತು ಮಾದಕವಸ್ತುಗಳ ವ್ಯಾಪಾರದಲ್ಲಿ ತೊಡಗಿದ ಆಫ್ರಿಕದ ಪ್ರಜೆಗಳಿಗಾಗಿಯೆಂದು ವಿವರಿಸಿದರು. ಎರಡು ತಿಂಗಳಲ್ಲಿ ಮಾತಿನ ಒತ್ತು ನೋಂದಣಿಯಿಂದ ಅವಧಿ ಮೀರಿದವರ ಕಡೆಗೆ ಸರಿದುದನ್ನು ವಾಚಕರು ಗಮನಿಸಬಹುದು. ನಡುವಿನಲ್ಲಿ, ಡಿಸೆಂಬರ್ ೧೯ರಂದು, ಮಂಗಳೂರಿನಲ್ಲಿ ಪ್ರತಿಭಟನೆಯ ಸಂದರ್ಭದಲ್ಲಿ ನಡೆದ ಪೊಲೀಸರ ಗೋಲೀಬಾರಿಗೆ ಇಬ್ಬರು ಬಲಿಯಾಗಿದ್ದರು.

೨೦೨೦ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ನಡೆದುದು ಇನ್ನೂ ಬೋಧಪ್ರದವಾಗಿದೆ. ಬಾಂಗ್ಲಾದೇಶದ ಅಕ್ರಮ ವಲಸಿಗರೆಂಬ ಶಂಕೆಯ ಮೇಲೆ ಅಲ್ಲಿಯ ಗುಡಿಸಲುಗಳನ್ನು ಕೆಡವಲಾಯಿತು. ನೆಲೆ ಕಳೆದುಕೊಂಡವರಲ್ಲಿ ಅಸ್ಸಾಂ, ತ್ರಿಪುರಾಗಳ ಭಾರತೀಯರೂ, ಉತ್ತರ ಕರ್ನಾಟಕದಿಂದ ಕೂಲಿಗಾಗಿ ಹೋದ ಕನ್ನಡಿಗರೂ ಇದ್ದರು. ಹೈಕೋರ್ಟು ಪೊಲೀಸರ ನೋಟೀಸಿನ ಆಧಾರದ ಮೇಲೆ ಮುಂದಿನ ಕ್ರಮ ಕೈಗೊಳ್ಳದಂತೆ ತಡೆಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಬಾಬುಲ್ ಖಾನ್ ಮೊಕದ್ದಮೆಯಲ್ಲಿ, ವಿದೇಶೀಯರೆಂದು ಆಪಾದಿತರಾದವರ ಬಂಧನ, ವಿಚಾರಣೆ, ಗಡೀಪಾರುಗಳಲ್ಲಿ ಅನುಸರಿಸತಕ್ಕ ಕ್ರಮವನ್ನು ಅದೇ ನ್ಯಾಯಾಲಯವು ವಿವರಿಸಿತು. ಹೊರಗಿನವನನ್ನು ಹುಡುಕಲು ಹೊರಟ ಕೈಗೆ ಮೊದಲು ಸಿಕ್ಕವರು ಒಳಗಿನ ಬಡವರು.

೫. ನೆರೆಯ ಮುಂಡಗೋಡು

ಹಾನಗಲ್ಲು, ಶಿಗ್ಗಾಂವಿಗಳ ಪಶ್ಚಿಮಕ್ಕೆ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡು ತಾಲ್ಲೂಕಿದೆ. ಅಲ್ಲಿ ೧೯೬೬ರಲ್ಲಿ ಟಿಬೆಟ್ಟಿನ ನಿರಾಶ್ರಿತರ ವಸತಿಯನ್ನು ಸ್ಥಾಪಿಸಲಾಯಿತು. ಕಾಡು ಕಡಿದು ಹೊಲ ಮಾಡಿ, ಗ್ಯಾಂಡೆನ್, ಡ್ರೆಪುಂಗ್ ಮಹಾವಿಹಾರಗಳನ್ನು ಪುನಃ ಕಟ್ಟಿಕೊಂಡ ಈ ಜನ ಶಾಸನದ ದೃಷ್ಟಿಯಲ್ಲಿ ವಿದೇಶೀಯರು. ಪೊಲೀಸು ಕಛೇರಿಯಲ್ಲಿ ನೋಂದಣಿಪತ್ರವನ್ನು ನವೀಕರಿಸಿಕೊಳ್ಳಬೇಕಾದವರು. ಜನಸಂಘವು ಮೊದಲಿನಿಂದಲೂ ಟಿಬೆಟ್ಟಿನ ಪರವಾಗಿ ದನಿಯೆತ್ತಿದ್ದಿತು. ಸಂಸ್ಕೃತಿನಿಷ್ಠರಿಗೆ ಇವರು ಅತಿಥಿಗಳು. ಆದರೆ ೨೦೧೯ರ ತಿದ್ದುಪಡಿಯು ಬೌದ್ಧರನ್ನು ಸೇರಿಸಿಕೊಂಡೂ ಟಿಬೆಟ್ಟಿಗರನ್ನು ಮುಟ್ಟಲಿಲ್ಲ, ಏಕೆಂದರೆ ಅದರಲ್ಲಿ ಹೆಸರಿಸಿದ ಮೂರು ದೇಶಗಳಲ್ಲಿ ಅವರ ದೇಶವಿಲ್ಲ. ಶ್ರೀಲಂಕೆಯ ತಮಿಳು ಹಿಂದೂಗಳ ಸ್ಥಿತಿಯೂ ಹಾಗೆಯೇ ಆಯಿತು.

ಟಿಬೆಟ್ಟಿಗರಿಗೆ ದಾರಿ ತೆರೆದುದು ಹಳೆಯ ಶಾಸನದ ಅಕ್ಷರ. ೧೯೫೦ರ ಜನವರಿ ೨೬ರಿಂದ ೧೯೮೭ರ ಜುಲೈ ೧ರ ಮುಂಚಿನವರೆಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರೆಂಬ ನಿಯಮವನ್ನು ದಿಲ್ಲಿ ಹೈಕೋರ್ಟು ೨೦೧೦ರಲ್ಲಿಯೂ, ಕರ್ನಾಟಕ ಹೈಕೋರ್ಟು ೨೦೧೩ರಲ್ಲಿಯೂ ಅವರಿಗೆ ಅನ್ವಯಿಸಿದವು. ೨೦೧೪ರಲ್ಲಿ ಚುನಾವಣಾ ಆಯೋಗವು ಅಂತಹವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. ಹೀಗೆ ಶಾಸನನಿಷ್ಠೆಯನ್ನು ಕಟ್ಟುನಿಟ್ಟಾಗಿ ಅನುಸರಿಸಿದರೆ ಅದು ಕೆಲವೊಮ್ಮೆ ಉದಾರವೂ ಆಗುವುದುಂಟು.

೬. ಕಾಗದದ ಪ್ರಶ್ನೆ

ನಮ್ಮ ತಾಲ್ಲೂಕುಗಳ ಸಾಮಾನ್ಯ ಕುಟುಂಬಕ್ಕೆ ಪೌರತ್ವದ ಪ್ರಶ್ನೆ ಕಾಗದದ ಪ್ರಶ್ನೆಯಾಗಿಯೇ ಬರುತ್ತದೆ. ಸವಣೂರು ೧೯೪೮ರವರೆಗೆ ನವಾಬರ ಸಂಸ್ಥಾನವಾಗಿದ್ದಿತು. ಸುತ್ತಲಿನ ತಾಲ್ಲೂಕುಗಳು ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿದ್ದವು. ಒಂದೇ ಬಳಗದ ಹಿರಿಯರು ಎರಡು ಆಡಳಿತಗಳ ಪ್ರಜೆಗಳಾಗಿದ್ದುದುಂಟು. ಜನನ ಮರಣಗಳ ನೋಂದಣಿ ಅಧಿನಿಯಮವು ೧೯೬೯ರದು. ಅದಕ್ಕಿಂತ ಮೊದಲು ಹುಟ್ಟಿದವರ ಪಾಲಿಗೆ ಅನೇಕ ಕಡೆ ಶಾಲೆಯ ದಾಖಲೆಯೊಂದೇ ಆಧಾರ. ಶಾಲೆಗೆ ಹೋಗದವರಿಗೆ ಅದೂ ಇಲ್ಲ. ಉತಾರದಲ್ಲಿ ಒಂದು ಹೆಸರು, ರೇಶನ್ ಕಾರ್ಡಿನಲ್ಲಿ ಇನ್ನೊಂದು. ತವರಿನ ಹೆಸರು ಬಿಟ್ಟು ಗಂಡನ ಮನೆಯ ಹೆಸರು ಪಡೆದ ಹೆಣ್ಣುಮಗಳು. ಭೂಮಿಯಿಲ್ಲದುದರಿಂದ ಉತಾರವೇ ಇಲ್ಲದ ಕೂಲಿಕಾರ. ದುಡಿಮೆಗಾಗಿ ಗೋವೆಗೂ ಮಂಗಳೂರಿಗೂ ಹೋಗಿಬರುವ ಲಂಬಾಣಿ ತಾಂಡೆಯ ಕುಟುಂಬ: ಇವರೆಲ್ಲರೂ ನಿಸ್ಸಂದೇಹವಾಗಿ ಭಾರತೀಯರು, ಆದರೆ ಅದನ್ನು ಸಾಬೀತುಪಡಿಸುವ ಹೊಣೆ ಅವರ ಮೇಲೆ ಬಿದ್ದರೆ ಕಷ್ಟಪಡುವವರು. ಇವರಲ್ಲಿ ಎಲ್ಲ ಮತದವರೂ ಎಲ್ಲ ಪಕ್ಷದವರೂ ಇದ್ದಾರೆ. ಸಂಪ್ರದಾಯವಾದಿ ಪಕ್ಷದ ಸ್ಥಳೀಯ ಕಾರ್ಯಕರ್ತನಿಗೆ ಈ ವಿಷಯದಲ್ಲಿ ಒಳಗೊಳಗೇ ಇರುವ ಅಳುಕಿಗೆ ಕಾರಣವು ಇದೇ ಎಂದು ನಾವು ಭಾವಿಸುತ್ತೇವೆ: ಕಾಗದ ತೋರಿಸಲಾರದವರಲ್ಲಿ ಅವನ ಮತದಾರನೂ ಇದ್ದಾನೆ.

೭. ಅಮೆರಿಕದ ಹೋಲಿಕೆ

ಇದು ನಮ್ಮ ದೇಶಕ್ಕೆ ಮಾತ್ರ ಸೀಮಿತವಾದ ಸ್ಥಿತಿಯಲ್ಲ. ಅಮೆರಿಕದಲ್ಲಿ ರಿಪಬ್ಲಿಕನ್ ಅಧ್ಯಕ್ಷ ರೇಗನ್ನರು ೧೯೮೬ರ ಶಾಸನದ ಮೂಲಕ ಸುಮಾರು ೨೭ ಲಕ್ಷ ಜನರಿಗೆ ನೆಲೆಯ ಹಕ್ಕು ದೊರಕಿಸಿದರು. ೨೦೦೭ರಲ್ಲಿ ಅದೇ ಪಕ್ಷದ ಅಧ್ಯಕ್ಷ ಬುಷ್ಷರ ಸುಧಾರಣೆಯು ಸ್ವಪಕ್ಷೀಯರ ವಿರೋಧದಿಂದಲೇ ಸೆನೆಟ್ಟಿನಲ್ಲಿ ಬಿದ್ದುಹೋಯಿತು. ರಾಜ್ಯಗಳ ಅಧಿಕಾರಿಗಳಿಂದ ಬಲವಂತವಾಗಿ ಕೇಂದ್ರವು ಕೆಲಸ ಮಾಡಿಸಿಕೊಳ್ಳುವಂತಿಲ್ಲವೆಂದು ೧೯೯೭ರಲ್ಲಿ ಸಂಪ್ರದಾಯವಾದಿ ನ್ಯಾಯಾಧೀಶರು ನಿರ್ಣಯಿಸಿದ ತತ್ತ್ವವನ್ನೇ ಮುಂದೆ ಉದಾರವಾದಿ ರಾಜ್ಯಗಳು ವಲಸಿಗರ ಬಂಧನಕ್ಕೆ ನೆರವಾಗದಿರಲು ಬಳಸಿಕೊಂಡವು. ಉದ್ಯಮನಿಷ್ಠರಿಗೂ ಪ್ರಾಂತನಿಷ್ಠರಿಗೂ ನಡುವಿನ ಕಲಹವು ೨೦೨೪ರ ಡಿಸೆಂಬರಿನಲ್ಲಿ ಎಚ್-೧ಬಿ ವೀಸಾದ ವಿಷಯದಲ್ಲಿ ಬಹಿರಂಗವಾಯಿತು. ೨೦೨೫ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರುಗಳ ಶುಲ್ಕವನ್ನು ಘೋಷಿಸಲಾಯಿತು. ಇಲ್ಲಿ ಪ್ರಾಂತನಿಷ್ಠೆಯನ್ನು ಮೆಚ್ಚುವ ಕನ್ನಡ ಮನೆತನವೇ ಅಲ್ಲಿ ಮಗನ ವೀಸಾಕ್ಕಾಗಿ ಉದ್ಯಮನಿಷ್ಠೆಯ ಗೆಲುವನ್ನು ಹಾರೈಸುವುದುಂಟು.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ತೋರುವುದೇನೆಂದರೆ, ವಿದೇಶೀಯರ ವಿಷಯದಲ್ಲಿ ಸಂಪ್ರದಾಯವಾದಿ ಚಳವಳಿಯ ಐಕ್ಯವು ಘೋಷಣೆಯಲ್ಲಿ ಗಟ್ಟಿಯಾಗಿಯೂ ಅನುಷ್ಠಾನದಲ್ಲಿ ಸಡಿಲವಾಗಿಯೂ ಇದೆ. ಯಾರನ್ನು ಹೊರಗಿಡಬೇಕೆಂಬುದಕ್ಕೆ ನಾಲ್ಕು ನಿಷ್ಠೆಗಳು ನಾಲ್ಕು ಉತ್ತರಗಳನ್ನು ಕೊಡುತ್ತವೆ. ಜಾರಿಯ ಹೊಣೆ ರಾಜ್ಯಕ್ಕೆ ಬಿದ್ದಾಗ ಒಂದನ್ನು ಆರಿಸಬೇಕಾಗುತ್ತದೆ. ಪೌರತ್ವ ತಿದ್ದುಪಡಿಯ ನಿಯಮಗಳು ನಾಲ್ಕು ವರ್ಷಗಳಿಗೂ ಮೀರಿ ತಡವಾಗಿ, ೨೦೨೪ರ ಮಾರ್ಚ್ ೧೧ರಂದು, ಪ್ರಕಟವಾದುದು ಈ ಆಯ್ಕೆಯ ಕಷ್ಟಕ್ಕೆ ಸಾಕ್ಷಿಯೆನ್ನಬಹುದು. ಈ ನಡುವೆ ನಮ್ಮ ಸೀಮೆಯ ಮತದಾರರು ಬೇರೆ ಲೆಕ್ಕಗಳಿಂದಲೇ ನಡೆದುಕೊಂಡರು: ೨೦೨೧ರ ಹಾನಗಲ್ಲಿನ ಉಪಚುನಾವಣೆಯಲ್ಲಿಯೂ, ೨೦೨೩ರಲ್ಲಿ ಹಿರೇಕೆರೂರಿನಲ್ಲಿಯೂ, ೨೦೨೪ರ ಶಿಗ್ಗಾಂವಿಯ ಉಪಚುನಾವಣೆಯಲ್ಲಿಯೂ ಕಾಂಗ್ರೆಸ್ಸು ಗೆದ್ದಿತು. ಆದರೆ ಸರ್ಕಾರ ಯಾವ ಪಕ್ಷದ್ದಾದರೂ ೧೯೫೮ರಲ್ಲಿ ವಹಿಸಿಕೊಟ್ಟಂತಹ ಹೊಣೆ ರಾಜ್ಯದ ಮೇಲೆಯೇ ಇರುತ್ತದೆ, ಸಾಬೀತಿನ ಭಾರವು ಪ್ರಜೆಯ ಮೇಲೆಯೇ ಇರುತ್ತದೆ. ಆದುದರಿಂದ ನಮ್ಮ ವಿದ್ಯಾರ್ಥಿಗಳು ಪಕ್ಷಗಳ ಘೋಷಣೆಗಳನ್ನು ಅಭ್ಯಾಸಮಾಡುವುದರ ಜೊತೆಗೆ ತಾಲ್ಲೂಕು ಕಛೇರಿಯ ದಫ್ತರಗಳನ್ನೂ ಶಾಲೆಯ ಹಳೆಯ ಹಾಜರಿ ಪುಸ್ತಕಗಳನ್ನೂ ತೆರೆದು ನೋಡುವುದು ಅವಶ್ಯವಾಗಿದೆ. ಪೌರತ್ವದ ಚರಿತ್ರೆಯ ಬಹುಭಾಗವು ಅಲ್ಲಿಯೇ ಇದೆ.