ರೋಮಕರ ಕಂಚಿನ ನಾಣ್ಯದಲ್ಲಿ ದ್ವಿಮುಖ ದೇವತೆಯೂ ನೌಕೆಯೂ

ರೋಮಕರ ನಾಣ್ಯಗಳೆಂದೊಡನೆ ಕರ್ಣಾಟಕದ ವಿದ್ವಾಂಸರಿಗೆ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ದೊರೆತ ಬೆಳ್ಳಿಯ ದಿನಾರಗಳು ನೆನಪಿಗೆ ಬರುವುವು. ಆದರೆ ರೋಮಾನಗರದ ಅಂಗಡಿಬೀದಿಗಳಲ್ಲಿ ಸಾಮಾನ್ಯ ಜನರ ಕೈಯಿಂದ ಕೈಗೆ ದಾಟುತ್ತಿದ್ದುದು ಕಂಚು. ಅದರಲ್ಲಿ ಪ್ರಧಾನವಾದ ನಾಣ್ಯಕ್ಕೆ ‘ಆಸ್’ ಎಂದು ಹೆಸರು. ಕ್ರಿ. ಪೂ. 225ರ ಸುಮಾರಿನಿಂದ ಇದರ ಮುಂಭಾಗದಲ್ಲಿ ಗಡ್ಡಧಾರಿಯೂ ದ್ವಿಮುಖನೂ ಆದ ಯಾನುಸ್ ದೇವತೆಯ ಶಿರಸ್ಸೂ, ಹಿಂಭಾಗದಲ್ಲಿ ಹಡಗಿನ ಮೂತಿಯೂ ಕಾಣಬರುತ್ತವೆ. ದ್ವಾರಗಳಿಗೂ ಸಕಲ ಆರಂಭಗಳಿಗೂ ಅಧಿಪತಿಯಾದ ಈ ದೇವತೆಗೂ ಹಡಗಿಗೂ ಸಂಬಂಧವೇನು?

ಆಸ್ ನಾಣ್ಯದ ಭಾಗನಾಣ್ಯಗಳನ್ನು ಮೊದಲು ನೋಡಬೇಕು. ಅರ್ಧದ ಮೇಲೆ ಸಾಟರ್ನ್, ಮೂರನೆಯ ಒಂದರ ಮೇಲೆ ಮಿನರ್ವಾ, ಕಾಲರ ಮೇಲೆ ಹರ್ಕ್ಯುಲಿಸ್, ಆರನೆಯ ಒಂದರ ಮೇಲೆ ಮರ್ಕ್ಯುರಿ, ಹನ್ನೆರಡನೆಯ ಒಂದರ ಮೇಲೆ ರೋಮಾದೇವಿ. ಮೂರನೆಯ ಒಂದಕ್ಕೆ ನಾಲ್ಕು ಬಿಂದುಗಳು, ಕಾಲಿಗೆ ಮೂರು, ಹೀಗೆ ಇಳಿಯುತ್ತ ಕಡೆಯದಕ್ಕೆ ಒಂದು. ಅಕ್ಷರವರಿಯದವನೂ ಬೆಲೆಯನ್ನು ಎಣಿಸಿಕೊಳ್ಳಬಹುದಾಗಿತ್ತು. ದೇವತೆಗಳು ಬದಲಾದರೂ ಹಿಂಭಾಗದ ಹಡಗು ಮಾತ್ರ ಎಲ್ಲದರಲ್ಲಿಯೂ ಒಂದೇ. ಹುಡುಗರು ನಾಣ್ಯವನ್ನು ಮೇಲಕ್ಕೆಸೆದು ‘ತಲೆಯೋ ಹಡಗೋ’ ಎಂದು ಕೂಗಿ ಆಡುತ್ತಿದ್ದರೆಂದು ಮಕ್ರೋಬಿಯಸ್ ಬರೆದಿರುವನು.

ಓವಿಡ್ ಕವಿಯ ‘ಫಾಸ್ಟಿ’ ಕಾವ್ಯದ ಪ್ರಥಮ ಭಾಗದಲ್ಲಿ ಕವಿಯು ಇದೇ ಪ್ರಶ್ನೆಯನ್ನು ಸ್ವತಃ ಯಾನುಸನಿಗೇ ಹಾಕುತ್ತಾನೆ. ಜೂಪಿಟರನಿಂದ ರಾಜ್ಯಭ್ರಷ್ಟನಾದ ಸಾಟರ್ನನು ಹಡಗಿನಲ್ಲಿ ಇಟಲಿಗೆ ಬಂದನು. ಅದರ ಸ್ಮರಣೆಗಾಗಿ ಜನರು ಹಡಗನ್ನು ಕಂಚಿನಲ್ಲಿ ಉಳಿಸಿದರು ಎಂಬುದು ಉತ್ತರ. ಕಥೆ ರಮ್ಯವಾಗಿದೆ. ಆದರೆ ಮೀಮಾಂಸಕರ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಅರ್ಥವಾದ. ಇದ್ದ ಚಿಹ್ನೆಗೆ ಸ್ತುತಿರೂಪವಾಗಿ ಹಿಂದಿನಿಂದ ಕೂಡಿಸಿದುದು. ನಾಣ್ಯವನ್ನೇ ಪರೀಕ್ಷಿಸಿದರೆ ಅಲ್ಲಿರುವುದು ದೇಶಾಂತರ ಬಂದವನ ಪ್ರಯಾಣನೌಕೆಯಲ್ಲ. ಶತ್ರುನೌಕೆಯನ್ನು ಇರಿದು ಮುಳುಗಿಸುವ ಕೊಕ್ಕುಳ್ಳ ಯುದ್ಧನೌಕೆಯ ಮೂತಿ. ಕ್ರಿ. ಪೂ. 338ರಲ್ಲಿ ಆಂಟಿಯಮ್ ಪಟ್ಟಣದವರ ನೌಕೆಗಳ ಕೊಕ್ಕುಗಳನ್ನು ರೋಮಕರು ತಮ್ಮ ಭಾಷಣವೇದಿಕೆಗೆ ಜಡಿದುದಕ್ಕೂ ಇದಕ್ಕೂ ಗಂಟುಹಾಕಿದವರುಂಟು. ನಾಣ್ಯವು ಅದಕ್ಕಿಂತ ನೂರು ವರ್ಷಕ್ಕೂ ಈಚಿನದೆಂದು ಈಗ ನಿರ್ಣಯವಾಗಿರುವುದರಿಂದ ಆ ಪಕ್ಷ ದುರ್ಬಲ. ಸಮೀಪದ ಕಾರಣವೇ ಬಲವತ್ತರ. ಕ್ರಿ. ಪೂ. 264ರಿಂದ 241ರ ವರೆಗೆ ಕಾರ್ಥೇಜಿನೊಡನೆ ನಡೆದ ಯುದ್ಧದಲ್ಲಿ ರೋಮಕರು ಶತ್ರುವಿನ ಒಂದು ನೌಕೆಯನ್ನು ಹಿಡಿದು, ಅದನ್ನೇ ಮಾದರಿಯಾಗಿಟ್ಟುಕೊಂಡು ನೌಕಾಬಲವನ್ನು ಕಟ್ಟಿದರೆಂದು ಪೊಲಿಬಿಯಸ್ ಹೇಳುತ್ತಾನೆ. ನೆಲದ ಮೇಲೆಯೇ ಕಾದುತ್ತಿದ್ದ ಜನ ಸಮುದ್ರದಲ್ಲಿ ಗೆದ್ದರು. ಆ ಗರ್ವವೇ ನಾಣ್ಯದ ಮೇಲಿನ ಹಡಗು.

ಮೊದಲಲ್ಲಿ ಎರಕದಿಂದಾಗುತ್ತಿದ್ದ ಆಸ್ 250 ಗ್ರಾಮಿಗೂ ಮಿಕ್ಕಿ ತೂಗುತ್ತಿತ್ತು. ಹಾನಿಬಾಲನೊಡನೆ ನಡೆದ ಯುದ್ಧದ ವೆಚ್ಚದಿಂದ ಕ್ರಿ. ಪೂ. 211ರ ಸುಮಾರಿಗೆ ಅದು 54 ಗ್ರಾಮಿನಷ್ಟಕ್ಕೆ ಇಳಿಯಿತು, ಕ್ರಿ. ಪೂ. 91ರ ಸುಮಾರಿಗೆ 13 ಗ್ರಾಮಿನ ಆಸುಪಾಸು. ಲೋಹ ಕರಗಿದರೂ ಚಿಹ್ನೆ ಕದಲಲಿಲ್ಲ. ಆ ಬಳಿಕ ಕೆಲವೇ ವರ್ಷಗಳಲ್ಲಿ ಅಚ್ಚು ಹಾಕುವುದೇ ನಿಂತುಹೋಯಿತು. ಕಾಲವು ಸವೆಸದಿದ್ದರೆ ನಾಣ್ಯದಲ್ಲಿ ತನ್ನನ್ನು ಗುರುತಿಸಬಹುದಿತ್ತೆಂದು ಓವಿಡನ ಯಾನುಸ್ ನುಡಿಯುವುದು ಕವಿಯ ಚಮತ್ಕಾರವಷ್ಟೇ ಅಲ್ಲ. ಆತನ ಕಾಲದಲ್ಲಿ ಉಳಿದಿದ್ದುವು ಬಹುಮಟ್ಟಿಗೆ ಹಳೆಯ, ಸವೆದ ನಾಣ್ಯಗಳೇ.

ನಡುವೆ ಒಮ್ಮೆ, ಕ್ರಿ. ಪೂ. 45ರ ಸುಮಾರಿನಲ್ಲಿ, ಹತನಾದ ಪಾಂಪೆಯ ಮಗ ಸೆಕ್ಸ್ಟಸನು ಈ ನಾಣ್ಯವನ್ನು ಮತ್ತೆ ಅಚ್ಚು ಹಾಕಿಸಿದನು. ಹಿಂಭಾಗದಲ್ಲಿ ಅದೇ ಹಡಗು. ಮುಂಭಾಗದಲ್ಲಿ ಯಾನುಸ್, ಆದರೆ ಎರಡು ಮುಖಗಳೂ ಪಾಂಪೆಯವು.